ನೂರ ಅರವತ್ತೆಂಟು ಗಂಟೆ

ನಮ್ಮ ಕಾಫಿ ಅಂಗಡಿಯಲ್ಲಿ ಚಿಯಾ ಎಂಗ್ ಹಾಕ್ ಅವರ ಮೇಜಿನ ಮೇಲೆ ಯಾರೂ ಹೊಸ ಫೋನ್ ಇಡುತ್ತಿರಲಿಲ್ಲ. ಮರೆತು ಇಟ್ಟರೆ ಅದನ್ನೆತ್ತಿ, ಬೆನ್ನು ಸವರಿ, "ಸ್ಕ್ರೂ ಎಲ್ಲಿ?" ಎನ್ನುತ್ತಿದ್ದರು. ಅಂಟು ಹಾಕಿ ಮುಚ್ಚಿದ್ದಾರೆ ಎಂದರೆ, "ಹಾಗಾದ್ರೆ ಇದು ನಿಂದಲ್ಲ ಮಾರಾಯ, ಬಾಡಿಗೆಗೆ ತಂದಿದ್ದೀಯ" ಎಂದು ವಾಪಸು ಕೊಡುತ್ತಿದ್ದರು.

ಮಲೇಶಿಯಾದ ಪೆನಾಂಗಿನ ಬಯಾನ್ ಲೆಪಾಸಿನಲ್ಲಿ ಚಿಪ್ ಮಾಡುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಮೂವತ್ತಮೂರು ವರ್ಷ ಎಂಜಿನಿಯರ್ ಆಗಿದ್ದವರು ಅವರು. ನಾನು ಅವರ ಕೈಕೆಳಗೆ ಹನ್ನೊಂದು ವರ್ಷ ದುಡಿದೆ. ಈಗ ಅವರ ಮೇಲಿನ ಮಹಡಿಯಲ್ಲೇ ಇದ್ದೇನೆ. ಆದ್ದರಿಂದ ಕೆಲಸದಿಂದ ನಿವೃತ್ತಿ ಸಿಕ್ಕಿತೇ ಹೊರತು ಅವರ ಅಭಿಪ್ರಾಯಗಳಿಂದ ಸಿಗಲಿಲ್ಲ. ಲ್ಯಾಪ್‌ಟಾಪಿನ ಮೆಮೊರಿಯನ್ನು ಬೋರ್ಡಿಗೇ ಬೆಸುಗೆ ಹಾಕುವುದೆಂದರೆ ಸೌಟನ್ನು ಪಾತ್ರೆಗೆ ಬೆಸುಗೆ ಹಾಕಿದಂತೆ. ಕಂಪ್ಯೂಟರಿನ ಫ್ಯಾನು ಸದ್ದು ಮಾಡಬೇಕು, ಇಲ್ಲದಿದ್ದರೆ ಅದು ಸತ್ತದ್ದು ಗೊತ್ತಾಗುವುದು ಹೇಗೆ? ಇಂಥವು ದಿನಕ್ಕೆ ನಾಲ್ಕಾದರೂ ಇರುತ್ತಿದ್ದವು.

ಎಲ್ಲಕ್ಕಿಂತ ದೊಡ್ಡದು ನೂರ ಅರವತ್ತೆಂಟು ಗಂಟೆಯ ನಿಯಮ. ಯಂತ್ರಗಳು ಸಾಯುವುದು ಎಳೆತನದಲ್ಲಿ, ಇಲ್ಲವೇ ಮುಪ್ಪಿನಲ್ಲಿ. ನಡುವಯಸ್ಸಿನಲ್ಲಿ ಸಾಯುವುದು ಮನುಷ್ಯರು ಮಾತ್ರ ಎಂದು ಅವರ ವಾದ. ಕಾರ್ಖಾನೆಯಲ್ಲಿ ಚಿಪ್‌ಗಳನ್ನು ಏಳು ದಿನ ಬಿಡದೆ ಓಡಿಸಿ, ಸಾಯುವವನ್ನು ಅಲ್ಲೇ ಸಾಯಲು ಬಿಟ್ಟು, ಉಳಿದವನ್ನು ಮಾರುತ್ತಿದ್ದೆವು. ಚಿಯಾ ಅದನ್ನು ಮನೆಗೂ ತಂದರು. ಹೊಸ ರೈಸ್ ಕುಕ್ಕರ್ ಏಳು ದಿನ ಬರೀ ನೀರು ಕುದಿಸಿತು. ಮನೆಯವರು ಏಳು ದಿನ ಅಂಗಡಿ ನೂಡಲ್ಸ್ ತಿಂದರು. ಪ್ರತಿ ವಸ್ತುವಿನ ಮೇಲೂ ಶುರುವಾದ ಹೊತ್ತು, ಮುಗಿದ ಹೊತ್ತು, ಅವರ ಸಹಿ ಇರುವ ಚೀಟಿ. ಮಗಳು ಪೇ ಶಾನ್ ತಾನು ಮೆಚ್ಚಿದ ಹುಡುಗನನ್ನು ಕರೆತಂದಾಗ, ಸತತ ಏಳು ದಿನ ಊಟಕ್ಕೆ ಬರಲು ಹೇಳಿದರು. ಅವನು ಬಂದ. ಚೀಟಿ ಅಂಟಿಸಲಿಲ್ಲ, ಅಷ್ಟೇ.

ಅವರ ಹೆಂಡತಿ ಗುವಾತ್ ಸಿಮ್‌ಗೆ ಐದಾರು ವರ್ಷದಿಂದ ಕಿವಿ ಮಂದವಾಗುತ್ತಾ ಬಂದಿತ್ತು. ಕಿವಿಯ ಹತ್ತಿರ ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು. ಅಭಿಪ್ರಾಯಗಳನ್ನು ಕೂಗಿ ಹೇಳಲಾಗುವುದಿಲ್ಲವಲ್ಲ. ಚಿಯಾ ಅವನ್ನು ಕಾಫಿ ಅಂಗಡಿಗೆ ತರತೊಡಗಿದ್ದು ಆಗಿನಿಂದಲೇ.

ಮಗಳ ಮದುವೆ ಗೊತ್ತಾದ ಮೇಲೆ ಗುವಾತ್ ಸಿಮ್ ಒಂದೇ ಒಂದು ಬೇಡಿಕೆ ಇಟ್ಟರು. ಮದುವೆಯ ದಿನ ಶಾಸ್ತ್ರದಂತೆ ಮಗಳು ಮಂಡಿಯೂರಿ ಚಹಾ ಕೊಡುತ್ತಾ "ಅಮ್ಮಾ, ಟೀ ಕುಡಿ" ಅನ್ನುತ್ತಾಳೆ. ಅದು ತನಗೆ ಕೇಳಿಸಬೇಕು.

ಕಿವಿಯ ಅಳತೆಗೆ ಮಾಡಿಸಿದ ಶ್ರವಣಯಂತ್ರ ಬುಧವಾರ ಕೈಸೇರಿತು. ಮದುವೆ ಭಾನುವಾರ. ನಾನು ಅಲ್ಲೇ ಇದ್ದೆ. ಚಿಯಾ ಚೀಟಿ ಬರೆಯತೊಡಗಿದರು: ಮುಗಿಯುವುದು ಮುಂದಿನ ಬುಧವಾರ.

"ಏನ್ರೀ ಇದು?" ಎಂದರು ಗುವಾತ್ ಸಿಮ್. "ಮದ್ವೆ ಮುಗಿದ್ಮೇಲೆ ನಾನು ಯಾರ ಮಾತು ಕೇಳ್ಲಿ?"

"ಸಾಯೋದಾದ್ರೆ ಮೊದಲ ವಾರದಲ್ಲೇ ಸಾಯತ್ತೆ!" ಎಂದು ಚಿಯಾ ಕೂಗಿದರು. "ಟೀ ಕೊಡೋ ಹೊತ್ತಿಗೇ ಸತ್ರೆ?"

"ಕಿವಿಗೇ ಹಾಕ್ಕೊಳ್ಳದೆ ಇದ್ರೆ ಅದು ಈಗಾಗ್ಲೇ ಸತ್ತಂಗೇ ಅಲ್ವಾ?"

ಚಿಯಾ ಬಳಿ ಒಂದು ಉಪಾಯವಿತ್ತು. ಬಿಸಿ ಹೆಚ್ಚಿಸಿದರೆ ಪರೀಕ್ಷೆಯ ಗಂಟೆಗಳು ಕಡಿಮೆಯಾಗುತ್ತವೆ. ಕಾರ್ಖಾನೆಯಲ್ಲಿ ಇದು ಮಾಮೂಲು. ಲೆಕ್ಕ ಹಾಕಿ, ಐವತ್ತು ಡಿಗ್ರಿಯಲ್ಲಿ ಮೂರು ದಿನ ಸಾಕೆಂದರು. ಬಿಸ್ಕತ್ತಿನ ದೊಡ್ಡ ಡಬ್ಬಿಯೊಳಗೆ ಬಲ್ಬು ಹಾಕಿ, ಬಿಸಿ ಮಿತಿ ಮೀರದಂತೆ ಥರ್ಮೋಸ್ಟಾಟ್ ಕೂರಿಸಿ, ಶ್ರವಣಯಂತ್ರವನ್ನು ಒಳಗಿಟ್ಟರು.

ಶನಿವಾರ ಬೆಳಿಗ್ಗೆ ಮೂಗಿಗೆ ಸುಟ್ಟ ವಾಸನೆ ಹೊಡೆದು ಕೆಳಗಿಳಿದೆ. ಡಬ್ಬಿ ತೆರೆದಿತ್ತು. ಶ್ರವಣಯಂತ್ರ ಬಾಡಿದ ಅಣಬೆಯಂತೆ ಮುದುಡಿತ್ತು. ಥರ್ಮೋಸ್ಟಾಟ್ ಕೆಟ್ಟಿತ್ತು. ಅದು ಹೊಸದು, ಬುಧವಾರ ಸಂಜೆ ಅವಸರದಲ್ಲಿ ತಂದದ್ದು. ಅದನ್ನು ನೂರ ಅರವತ್ತೆಂಟು ಗಂಟೆ ಓಡಿಸಿ ನೋಡಿರಲಿಲ್ಲ.

"ಇನ್ನೊಂದು ಮಾಡೋಕೆ ಹತ್ತು ದಿನ ಅಂತೆ" ಎಂದರು ಚಿಯಾ. ಅಂಥ ಮುಖ ಅವರದ್ದು ಎಂದೂ ನೋಡಿರಲಿಲ್ಲ. ಗುವಾತ್ ಸಿಮ್ ಒಳಗೆ ಹೋಗಿ ಮಗಳ ಕೆಂಪು ಬಟ್ಟೆಗೆ ಇಸ್ತ್ರಿ ಹಾಕತೊಡಗಿದರು. ಬೈದಿದ್ದರೆ ವಾಸಿಯಿತ್ತು.

ಚಿಯಾ ತಮ್ಮ ಹಳೆಯ ಪೆಟ್ಟಿಗೆಗಳನ್ನು ನೆಲಕ್ಕೆ ಸುರಿದರು. ಟೇಪ್‌ರೆಕಾರ್ಡರಿನ ಆಂಪ್ಲಿಫಯರ್, ಫೋನಿನ ಮೈಕು, ಮಗಳು ಬಿಸಾಡಿದ ಹೆಡ್‌ಫೋನು. ನಾನು ಹಿಡಿದುಕೊಂಡೆ, ಅವರು ಬೆಸುಗೆ ಹಾಕಿದರು. ಸಂಜೆ ಹೊತ್ತಿಗೆ ಅದೆಲ್ಲ ಒಂದು ಸೋಪಿನ ಪೆಟ್ಟಿಗೆಯೊಳಗೆ ಸೇರಿತು, ನಾಲ್ಕು ಸ್ಕ್ರೂ ಸಮೇತ. ಮೇಲೆ ಚೀಟಿಯೂ ಬಂತು. ಗಂಟೆ: ಸೊನ್ನೆ. ಸಹಿ ಹಾಕುವಾಗ ಅವರ ಕೈ ಕೊಂಚ ತಡೆಯಿತು.

ಭಾನುವಾರ ಅಪ್ಪ ಅಮ್ಮ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತರು. ಸೋಪಿನ ಪೆಟ್ಟಿಗೆ ಗುವಾತ್ ಸಿಮ್ ಮಡಿಲಲ್ಲಿ, ಹೆಡ್‌ಫೋನು ಅಲಂಕರಿಸಿದ ತುರುಬಿನ ಮೇಲೆ. ಮೈಕಿಗೆ ಹಾಕಬಹುದಾದ ಒಳ್ಳೆಯ ವೈರು ಮನೆಯಲ್ಲಿ ಸಿಕ್ಕಿದ್ದು ಒಂದೂವರೆ ಮೊಳ ಮಾತ್ರ. ಮಗಳು ಮಂಡಿಯೂರಿದಾಗ ಮೈಕು ಅವಳ ಬಾಯಿಯ ತನಕ ಹೋಗಲಿಲ್ಲ. ಚಿಯಾ ಕುರ್ಚಿ ಬಿಟ್ಟಿಳಿದು, ಹೆಂಡತಿಯ ಮಡಿಲಿಂದ ಪೆಟ್ಟಿಗೆ ಎತ್ತಿ ಮುಂದೆ ಚಾಚಿ, ಮಗಳ ಪಕ್ಕದಲ್ಲಿ ತಾವೂ ಮಂಡಿಯೂರಿ ಮೈಕು ಹಿಡಿದರು.

ಶಾಸ್ತ್ರ ನಡೆಸುತ್ತಿದ್ದ ಅಜ್ಜಿ ಹೌಹಾರಿದಳು. "ಅಯ್ಯೋ, ಅಪ್ಪ ಕೂರೋದು ಮೇಲೆ ಕಣಪ್ಪಾ! ಕೆಳಗೇನು ಮಾಡ್ತಿದ್ದೀಯ?"

"ವೈರು ಇರೋದೇ ಇಷ್ಟು" ಎಂದರು ಚಿಯಾ.

"ಅಮ್ಮಾ, ಟೀ ಕುಡಿ" ಎಂದಳು ಪೇ ಶಾನ್.

ಗುವಾತ್ ಸಿಮ್ ಬಟ್ಟಲು ತೆಗೆದುಕೊಂಡರು. "ಕೇಳಿಸ್ತು ಪುಟ್ಟಿ" ಎಂದರು. ಒಂದು ಗುಟುಕು ಕುಡಿದು ಗಂಡನನ್ನು ನೋಡಿದರು. "ರೀ, ನೀವು ಮೂಗು ಎಳ್ಕೊಳ್ಳೋದೂ ಕೇಳಿಸ್ತಿದೆ. ಒರೆಸ್ಕೊಳ್ಳಿ."

ಎಲ್ಲರೂ ಗೊಳ್ಳೆಂದು ನಕ್ಕರು.

ಹತ್ತು ದಿನದ ಮೇಲೆ ಹೊಸ ಶ್ರವಣಯಂತ್ರ ಬಂತು. ಚಿಯಾ ಕೈ ಚಾಚುವಷ್ಟರಲ್ಲಿ ಗುವಾತ್ ಸಿಮ್ ಅದನ್ನು ಮಾಡಿಕೊಟ್ಟ ಅಂಗಡಿಯಲ್ಲೇ ಕಿವಿಗೆ ಹಾಕಿಕೊಂಡರಂತೆ. "ನಿಮ್ಮ ನೂರ ಅರವತ್ತೆಂಟು ಗಂಟೆ ನನ್ನ ಕಿವಿಯೊಳಗೇ ಆಗ್ಲಿ" ಎಂದರಂತೆ.

ಮರುದಿನ ಚಿಯಾ ಕಾಫಿ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದನೆಯ ದಿನ ನಾನೇ ಹೋಗಿ ನೋಡಿದೆ. ಗುವಾತ್ ಸಿಮ್ ಮೇಜಿನ ಮೇಲೆ ಮೊಳಕೆ ಕಾಳು ಹರಡಿಕೊಂಡು ಒಂದೊಂದರ ಬಾಲ ಕೀಳುತ್ತಿದ್ದರು. ಎದುರಿಗೆ ಚಿಯಾ. ಅಂಟು ಹಾಕಿದ ಫೋನಿನ ವಿಷಯ ನಡೆದಿತ್ತು.

"ಬರೀ ಆನ್ ಮಾಡಿಟ್ರೆ ಪರೀಕ್ಷೆ ಆಗಲ್ಲ" ಎಂದು ಚಿಯಾ ಹೆಂಡತಿಯ ಕಿವಿ ತೋರಿಸಿ ನನಗೆ ವಿವರಿಸಿದರು. "ಅದಕ್ಕೆ ಕೆಲಸ ಕೊಡ್ತಾ ಇರಬೇಕು. ಇದರ ಕೆಲಸ ಮಾತು ಕೇಳೋದು."

"ಎಷ್ಟು ಗಂಟೆ ಆಯ್ತು?" ಎಂದರು ಗುವಾತ್ ಸಿಮ್, ತಲೆ ಎತ್ತದೆ.

ಚಿಯಾ ಗೋಡೆಯ ಚೀಟಿ ನೋಡಿದರು. "ನೂರ ಹನ್ನೆರಡು."

"ಇನ್ನೂ ಐವತ್ತಾರು ಇದೆ" ಎಂದರು ಆಕೆ. "ಹೇಳಿ."