ಎತ್ತಿನ ನಡೆ ನೋಡಲು ಮಸ್ಕಿಗೆ

ಸಿಂಧನೂರಿನಿಂದ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟೆವು. ಮಸ್ಕಿ ಸುಮಾರು ಮೂವತ್ತು ಕಿಲೋಮೀಟರು. ಅಪ್ಪನಿಗೆ ಟಿಕೆಟ್, ನನಗೆ ಹೆಂಗಸರಿಗೆ ಸರ್ಕಾರ ಕೊಡುವ ಶೂನ್ಯ ದರದ ಚೀಟಿ. ಅಪ್ಪ ಹೊರಟಿದ್ದು ಎತ್ತು ಕೊಳ್ಳಲು. ನಾನು ಜೊತೆಯಾದ ಕಾರಣ ಬೇರೆ. ಹದಿನೈದು ದಿನಗಳಿಂದ ಅವರ ಬಲಗಾಲು ಎಳೆಯುತ್ತಿತ್ತು. ಕೇಳಿದಾಗಲೆಲ್ಲ "ಚಪ್ಪಲಿ ಸಡ್ಲಾಗೈತಿ" ಎಂಬುದೇ ಉತ್ತರ. ಮಸ್ಕಿಯ ಕೆಲಸ ಮುಗಿದೊಡನೆ ಅವರನ್ನು ಲಿಂಗಸುಗೂರಿನ ವೈದ್ಯರ ಬಳಿ ಕರೆದೊಯ್ಯಲೇಬೇಕೆಂದು ನಿಶ್ಚಯಿಸಿದ್ದೆ.

ನಡೆ ನೋಡಿ ಜೀವವನ್ನು ಅಳೆಯುವುದು ಅಪ್ಪನ ವಿದ್ಯೆ. ಅದು ಎತ್ತಿಗಷ್ಟೇ ಸೀಮಿತವಲ್ಲ. ಬಸ್ಸು ಹತ್ತಿದವರೊಬ್ಬರನ್ನು ತೋರಿಸಿ, "ಹಿಮ್ಮಡ ಊರದಂಗ ನಡೀತಾನ ನೋಡು. ಚಪ್ಪಲಿ ಸವದೀತಂತ. ಭಾಳ ಜೀನ" ಎಂದರು.

"ಮೆಲ್ಲಕ ಮಾತಾಡಪ್ಪಾ. ಮಂದಿನ್ನ ಹಂಗ ಅಳಿಬಾರದು."

"ನೀ ಡಿಗ್ರಿ ಓದೀದಿ ಬೇ. ನಾ ಕಾಲು ಓದೀನಿ."

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ.

ಮಸ್ಕಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದು, ಎತ್ತು ಮಾರುವ ಈರಮ್ಮನವರ ಹೊಲಕ್ಕೆ ಆಟೋದಲ್ಲಿ ಹೋದೆವು. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಅಪ್ಪ ಮೊದಲು ಎತ್ತಿನ ಹಲ್ಲು ನೋಡುವವರಲ್ಲ. ಹರಗಿದ ಹೊಲದಲ್ಲಿ ಅದನ್ನು ನಡೆಸಿ, ಪಕ್ಕದಲ್ಲಿ ತಾವೂ ನಡೆದು, ಸಡಿಲ ಮಣ್ಣಿನಲ್ಲಿ ಮೂಡಿದ ಹೆಜ್ಜೆ ಓದುತ್ತಾರೆ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬಿದ್ದರೆ ಸೊಂಟ ಗಟ್ಟಿ.

"ಎತ್ತು ಛಲೋ ಐತವ್ವ" ಎಂದರು ಅಪ್ಪ.

ಈರಮ್ಮ ಮಣ್ಣಿನತ್ತ ಬೆರಳು ತೋರಿದರು. "ಎತ್ತಿಂದು ಬಿಡ್ರಿ ಯಜಮಾನ್ರ. ಅದರ ಬಾಜೂಕ ಗೆರಿ ಎಳಕೊಂತ ಹೋದದ್ದು ಯಾರ ಕಾಲ್ರಿ? ನಿಮ್ಮನ್ನ ಸಂತಿಗೆ ಹೊಡದ್ರ ಯಾರೂ ಹಗ್ಗ ಹಿಡಿಯಂಗಿಲ್ಲ!"

ಅಪ್ಪ ನಕ್ಕರು. ಆಮೇಲೆ ತಿರುಗಿ ನೋಡಿದರು. ಎಡಗಾಲಿನ ಗುರುತುಗಳು ಬಿಡಿಬಿಡಿಯಾಗಿದ್ದವು. ಬಲಗಾಲಿನವು ಉದ್ದನೆಯ ಗೀರಿನಿಂದ ಒಂದಕ್ಕೊಂದು ಕೂಡಿಕೊಂಡಿದ್ದವು. ಚಪ್ಪಲಿ ಕಳಚಿ ಬರಿಗಾಲಿನಲ್ಲಿ ಹತ್ತು ಹೆಜ್ಜೆ ನಡೆದರು. ಗೀರು ಹೋಗಲಿಲ್ಲ.

"ಎತ್ತು ಇಲ್ಲೇ ಇರ್ಲಿ. ಯಾರಿಗೂ ಕೊಡಬ್ಯಾಡವ್ವ."

"ನೀವು ನೆಟ್ಟಗ ನಡಕೊಂತ ಬಂದ್ರಷ್ಟ ಕೊಡ್ತೀನಿ, ಹೋಗ್ರಿ."

ಮಧ್ಯಾಹ್ನದೊಳಗೆ ಲಿಂಗಸುಗೂರು ತಲುಪಿದೆವು. ವೈದ್ಯರು ಅಪ್ಪನನ್ನು ಬಾಗಿಲಿನಿಂದ ಮೇಜಿನವರೆಗೆ ಎರಡು ಸಲ ನಡೆಸಿದರು. ಸೊಂಟದಲ್ಲಿ ನರ ಒತ್ತಿರಬಹುದು, ರಾಯಚೂರಿನಲ್ಲಿ ಸ್ಕ್ಯಾನ್ ಮಾಡಿಸಿ, ತಡ ಮಾಡಿದರೆ ಪಾದ ಮೇಲೇಳದೆ ಹೋದೀತು ಎಂದರು. ಅಪ್ಪ "ಮುಂದಿನ ವಾರ ನೋಡೂಣು" ಎಂದರೆ ಏನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟಿ, ಎರಡು ಸಲ ತಿದ್ದಿಕೊಂಡೆ.

ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸು ನಿಂತಿತ್ತು. ಅಪ್ಪ ಅದನ್ನು ದಾಟಿ, ಅದರಾಚೆಗಿನ ಬಸ್ಸಿನ ಕಂಬಿ ಹಿಡಿದು, ಬಲಗಾಲನ್ನು ಕೈಯಿಂದ ಎತ್ತಿ ಮೆಟ್ಟಿಲ ಮೇಲಿಟ್ಟರು. ನಾನು ಬಾಯಿ ತೆರೆಯುವ ಮೊದಲೇ ಕಂಡಕ್ಟರಿಗೆ ಹೇಳಿದರು: "ರಾಯಚೂರಿಗೆ ಇಬ್ಬರ್ರಿ."