ಹಸಿರು ಚೀಟಿಯ ಹೆಂಗಸು

ಆಸ್ಪತ್ರೆಯ ಕೀಲು-ಮೂಳೆ ವಿಭಾಗದ ಬಾಗಿಲಲ್ಲೇ ಅವಳ ಮೇಜು. ಮಂಡಿನೋವು, ಬೆನ್ನುನೋವು ಎಂದು ಬಂದವರನ್ನು ನಡೆಸಿ, ಬಗ್ಗಿಸಿ, ಕಾಲೆತ್ತಿಸಿ ನೋಡುತ್ತಿದ್ದಳು. ಯಾರಿಗೆ ಮನೆಯ ವ್ಯಾಯಾಮ ಸಾಕು, ಯಾರಿಗೆ ಫಿಸಿಯೋಥೆರಪಿ ಬೇಕು, ಯಾರನ್ನು ಸರ್ಜನ್ ನೋಡಬೇಕು ಎಂದು ವಿಂಗಡಿಸುವುದು ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ. ಜನ ಇಟ್ಟ ಹೆಸರು ಜರಡಿಯಕ್ಕ. ನಾಲಿಗೆ ಹರಿತ. ಇರದೆ ಏನು? ಸೋಫಾ ಬಿಟ್ಟೇಳದವರೆಲ್ಲ ಸ್ಕ್ಯಾನ್ ಬರೆದುಕೊಡಿ ಎಂದು ದುಂಬಾಲು ಬೀಳುತ್ತಿದ್ದರು. ಚೀಟಿ ಸಿಕ್ಕರೆ ಬಿರುದು ಸಿಕ್ಕವರಂತೆ ಬೀಗುತ್ತಿದ್ದರು.

ಹೀಗಿರುವಾಗ ಆಡಳಿತಾಧಿಕಾರಿಗೆ ಜ್ಞಾನೋದಯವಾಯಿತು. ಎರಡು ದಿನದ ಸಮ್ಮೇಳನಕ್ಕೆ ಹೋಗಿದ್ದವನು ಹನ್ನೆರಡು ಪ್ರಶ್ನೆಗಳ ಫಾರಂ ಹೊತ್ತು ತಂದ. ರೋಗಿ ಟಿಕ್ ಹಾಕಬೇಕು, ಅಂಕ ಕೂಡಬೇಕು, ಹಸಿರು, ಹಳದಿ ಅಥವಾ ಕೆಂಪು ಚೀಟಿ ಕೊಡಬೇಕು. ಜನ್ಮದಲ್ಲಿ ಒಬ್ಬರ ಮಂಡಿಯನ್ನೂ ಮುಟ್ಟಿ ನೋಡಿದವನಲ್ಲ ಆತ.

“ಇನ್ಮೇಲೆ ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ ಮೇಡಂ. ಕೂಡೋಕೆ ಬಂದ್ರೆ ಸಾಕು.”

“ಹಾಗಾದ್ರೆ ನೀವೇ ಕೂತ್ಕೋಬಹುದಲ್ಲ ಸರ್,” ಎಂದಳು ಜರಡಿಯಕ್ಕ.

ಮೊದಲ ವಾರವೇ ಅವನ ಭಾವಮೈದುನ ಬಂದ. ‘ಎದ್ದು ನಿಲ್ಲಲೂ ಆಗುವುದಿಲ್ಲ’ ಎಂಬಲ್ಲಿ ದಪ್ಪಗೆ ಟಿಕ್ ಹಾಕಿದ. ಅಷ್ಟರಲ್ಲಿ ಫೋನ್ ಬಂತೆಂದು ಎರಡೆರಡು ಮೆಟ್ಟಿಲು ಹಾರಿ ಹೊರಗೋಡಿದ. ಅಂಕ ಭರ್ತಿಯಾಗಿತ್ತು. ಮರಳಿ ಬಂದು ಕೆಂಪು ಚೀಟಿ ಹಿಡಿದು ಠೀವಿಯಿಂದ ಸರ್ಜನ್ ಕೋಣೆ ಹೊಕ್ಕ.

ಅವನ ಹಿಂದೆ ಇದ್ದವಳು ಸಮವಸ್ತ್ರ ಹೊಲಿಯುವ ಕಾರ್ಖಾನೆಯ ದರ್ಜಿ. ನೋವನ್ನು ದೊಡ್ಡದು ಮಾಡಿ ಹೇಳಿ ಅಭ್ಯಾಸವಿಲ್ಲದವಳು, ಎಲ್ಲದಕ್ಕೂ ‘ಸ್ವಲ್ಪ’ ಎಂದೇ ಟಿಕ್ ಹಾಕಿದ್ದಳು. ಹಸಿರು ಚೀಟಿ: ಮನೆಗೆ ಹೋಗಿ ವ್ಯಾಯಾಮ ಮಾಡು. ಆದರೆ ಅವಳು ಕೂರುವ ಮುನ್ನ ಕುರ್ಚಿಯನ್ನು ಕೈಯಿಂದ ತಡವಿದ್ದು ಜರಡಿಯಕ್ಕನ ಕಣ್ಣಿಗೆ ಬಿತ್ತು.

“ಯಾಕಮ್ಮ, ಕುರ್ಚಿ ತಡವ್ತೀಯ?”

“ಕೂತಿದೀನೋ ಇಲ್ವೋ ಗೊತ್ತೇ ಆಗಲ್ಲ ಅಕ್ಕ. ಕೆಳಗೆಲ್ಲ ಜೋಮು.”

“ಮೂತ್ರ ಸರಿಯಾಗಿ ಹೋಗುತ್ತಾ?”

“ನಿನ್ನೆಯಿಂದ ಇಲ್ಲ. ಫಾರಂನಲ್ಲಿ ಅದನ್ನ ಕೇಳಿರ್ಲಿಲ್ವಲ್ಲ.”

ಜರಡಿಯಕ್ಕ ತಟ್ಟನೆ ಎದ್ದು, ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಾನೇ ತಳ್ಳಿಕೊಂಡು ಸರ್ಜನ್ ಕೋಣೆಗೆ ನುಗ್ಗಿದಳು. ಭಾವಮೈದುನ ಪ್ಯಾಂಟು ಮಡಚಿ ಮಂಡಿಯ ಪುರಾಣ ಬಿಚ್ಚಿದ್ದ.

“ಏಳಿ ಸ್ವಾಮಿ.”

“ನಂದು ಕೆಂಪು ಚೀಟಿ!”

“ಜೇಬಲ್ಲಿಟ್ಕೊಳ್ಳಿ.”

ಸರ್ಜನ್ ಎರಡು ಮಾತು ಕೇಳಿ ಎದ್ದೇ ನಿಂತರು. ಬೆನ್ನಿನ ಡಿಸ್ಕ್ ಜಾರಿ ನರಗಳ ಗೊಂಚಲನ್ನು ಅದುಮಿತ್ತು. ಅಂದೇ ಸ್ಕ್ಯಾನ್, ಅಂದೇ ಶಸ್ತ್ರಚಿಕಿತ್ಸೆ. ತಡವಾಗಿದ್ದರೆ ಜನ್ಮವಿಡೀ ಮೂತ್ರದ ಚೀಲ ಕಟ್ಟಿಕೊಂಡು ತಿರುಗಬೇಕಿತ್ತು. ಎಡಪಾದದ ಜೋಮೊಂದು ಉಳಿಯಿತು. ಮೂರು ತಿಂಗಳಿಗೆ ಆಕೆ ನಡೆದುಕೊಂಡೇ ಕೆಲಸಕ್ಕೆ ಹೋದಳು. ಭಾವಮೈದುನನಿಗೆ ಸರ್ಜನ್ ಬರೆದುಕೊಟ್ಟದ್ದು ವ್ಯಾಯಾಮ.

ನಿಯಮ ಮುರಿದದ್ದಕ್ಕೆ ಜರಡಿಯಕ್ಕನಿಗೆ ನೋಟಿಸ್ ಬಂತು. ಸರ್ಜನ್ ಸಿಡಿಮಿಡಿಗೊಂಡ ಮೇಲೆ ಅದು ಸದ್ದಿಲ್ಲದೆ ವಾಪಸಾಯಿತು. ಮರುತಿಂಗಳು ಆಸ್ಪತ್ರೆಯ ಪತ್ರಿಕೆಯಲ್ಲಿ, ಹೊಸ ಫಾರಂ ಒಬ್ಬ ಮಹಿಳೆಯನ್ನು ಉಳಿಸಿತೆಂಬ ಸುದ್ದಿ. ಫಾರಂ ಎದೆಗವಚಿಕೊಂಡು ಹಲ್ಲು ಕಿರಿದ ಆಡಳಿತಾಧಿಕಾರಿಯ ಫೋಟೋ.

ಜರಡಿಯಕ್ಕ ಅದನ್ನು ಓದಿ ಮಡಚಿಟ್ಟಳು. ಆಮೇಲೆ ಫಾರಂಗಳ ಕಟ್ಟನ್ನು ಎಳೆದುಕೊಂಡು ಕುಳಿತು, ಪ್ರತಿಯೊಂದರ ಅಡಿಯಲ್ಲೂ ಪೆನ್ನಿನಿಂದ ಜೋಮು, ಮೂತ್ರದ ಎರಡು ಪ್ರಶ್ನೆ ಬರೆಯತೊಡಗಿದಳು.