ಗಾಳಿ ಸುರಿದ ಹುಡುಗಿ

ಬಹುಕಾಲ ಮುಚ್ಚಿಟ್ಟ ಜೋಳಕ್ಕೆ ಒಂದು ವಾಸನೆಯಿದೆ. ಹುಳಿಯೂ ಮಣ್ಣೂ ಬೆರೆತ ಬೆಚ್ಚನೆಯ ವಾಸನೆ. ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಮೊನ್ನೆ ಕುಷ್ಟಗಿಯ ಅಂಗಡಿಯೊಂದರಲ್ಲಿ ಹಳೆಯ ಚೀಲದ ಬಾಯಿ ಬಿಚ್ಚಿದಾಗ ಅದು ಬಂತು, ನಾನು ಚೀಲ ಬಿಟ್ಟು ಹಿಂದೆ ಸರಿದೆ. ಅಂಗಡಿಯವರು ಕೂಡಿಸಿ ನೀರು ಕೊಟ್ಟರು. ನಿಮ್ಮ ಅಂಗಳದಲ್ಲೂ ಹಗೇವು ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ. ನೆಲದೊಳಗಿನ ಕಣಜ ಅದು. ಮೇಲೆ ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಗುಡಾಣದಂಥ ಹೊಟ್ಟೆ. ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಬರಗಾಲಕ್ಕೂ ಹೆದರಬೇಕಿರಲಿಲ್ಲ. ನಮ್ಮ ಮನೆಯ ಹಗೇವಿಗೆ ನನ್ನ ಆಯಿಯೇ, ಅಂದರೆ ತಂದೆಯ ತಾಯಿಯೇ, ಒಡತಿ. ಕಲ್ಲು ತೆಗೆದ ಮೇಲೆ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕಂದೀಲು ಇಳಿಬಿಟ್ಟು ನೋಡಿಯೇ ಒಳಗೆ ಆಳು ಇಳಿಯಬೇಕೆಂಬುದು ಅವಳ ಕಟ್ಟಪ್ಪಣೆ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಸೂಟಿ ಬಿಡುವ ಮೊದಲು ಕುಷ್ಟಗಿಯ ಹೈಸ್ಕೂಲಿಗೆ ವಿಜ್ಞಾನದ ಬಸ್ಸು ಬಂದಿತ್ತು. ಬಸ್ಸೇ ಒಂದು ವಸ್ತುಸಂಗ್ರಹಾಲಯ; ಎಲ್ಲವನ್ನೂ ಮುಟ್ಟಿ, ತಿರುವಿ, ಒತ್ತಿ ನೋಡಬಹುದಿತ್ತು. ನನ್ನನ್ನೂ ದೊಡ್ಡಪ್ಪನ ಮಗಳು ನೀಲಾಳನ್ನೂ ಕಾಕಾ ಕರೆದುಕೊಂಡು ಹೋಗಿದ್ದ. ಅಪ್ಪನ ತಮ್ಮ, ಇನ್ನೂ ಮದುವೆಯಾಗದ, ಎಲ್ಲದಕ್ಕೂ ನಗುವ, ಮೀಸೆ ತಿರುವುವ ಕಾಕಾ. ನಾನು ಕನ್ನಡಿಗಳ ಮುಂದೆ ಉದ್ದವಾಗಿ ಗಿಡ್ಡವಾಗಿ ನಿಂತು ಮೈಮರೆತಿದ್ದರೆ, ನೀಲಾ ಒಂದು ಗಾಜಿನ ಪೆಟ್ಟಿಗೆಯನ್ನು ಬಿಟ್ಟು ಕದಲಲಿಲ್ಲ. ಅದರೊಳಗೆ ಮೆಟ್ಟಿಲ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಹೂಜಿಯಲ್ಲಿ ಅಡಿಗೆ ಸೋಡಾಕ್ಕೆ ನಿಂಬೆಹುಳಿ ಹಿಂಡಿ, ನೊರೆ ಇಳಿದ ಮೇಲೆ ಹೂಜಿಯನ್ನು ಪೆಟ್ಟಿಗೆಯೊಳಕ್ಕೆ ಮೆಲ್ಲಗೆ ಬಾಗಿಸಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಕೆಳಗಿನ ಬತ್ತಿ ಮೊದಲು ಆರುತ್ತದೆ, ಆಮೇಲೆ ಅದರ ಮೇಲಿನದು.

"ಖಾಲಿ ಹೂಜಿ ಕೊಟ್ಟು ಹುಡುಗೂರನ್ನ ಮಂಗ್ಯಾ ಮಾಡಾಕತ್ತೀರೇನ್ರಿ ಅಕ್ಕಾರ?" ಎಂದ ಕಾಕಾ.

"ಖಾಲಿ ಅಲ್ರಿ, ಭಾರದ ಗಾಳಿ ಐತಿ ಅದರಾಗ. ನೀರಿನಂಗ ತಳಾ ಹಿಡಿದು ಕುಂದರತೈತಿ. ದೀಪಾ ಆರತೈತಿ, ಮನಷ್ಯಾನ ಉಸಿರೂ ಕಟ್ಟತೈತಿ," ಎಂದರು ತೋರಿಸುತ್ತಿದ್ದ ಹೆಣ್ಣುಮಗಳು. ನೀಲಾ ಮತ್ತೆ ಮತ್ತೆ ಸುರಿದಳು. ಹಿಂದೆ ಪಾಳಿಯಲ್ಲಿ ನಿಂತವರು, "ಏ ಹುಡುಗಿ, ಮನಿಗೆ ಹೊತಗೊಂಡು ಹೋಗಾಕಿಯೇನ ಅದನ್ನ?" ಎಂದು ರೇಗಿಸಿದರು.

ಆ ವಾರವೇ ಆಯಿ ಹಗೇವಿನ ಬಾಯಿ ತೆಗೆಸಿದಳು. ಮರುದಿನ ಇಳಿಯುವುದೆಂದು ಮಾತಾಗಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತು. ಬಿಚ್ಚಿದ ಹಗೇವಿಗೆ ಅಡ್ಡಮಳೆ ಹೊಕ್ಕರೆ ಇಡೀ ಜೋಳ ಕೊಳೆತಂತೆ. ಬಾಯಿ ಮುಚ್ಚಲು ಕಲ್ಲಿತ್ತು. ಆದರೆ ಮೆತ್ತಿದ ಮಣ್ಣು ಒಣಗುವ ಮೊದಲೇ ಮಳೆ ಬರುತ್ತದೆ, ಅಷ್ಟರಲ್ಲಿ ಜೋಳ ಮೇಲೆತ್ತಿಬಿಡಬೇಕೆಂಬ ಅವಸರ. ಆಯಿಯಂಥ ಆಯಿಯೂ ತನ್ನ ಕಟ್ಟಪ್ಪಣೆ ಮರೆತಳು. ಕಂದೀಲನ್ನು ಹಗ್ಗದಲ್ಲಿ ಹಗೇವಿನ ಕೊರಳಿನವರೆಗಷ್ಟೇ ಇಳಿಬಿಟ್ಟು, "ಉರಿಯಾಕತ್ತೈತಿ, ಇಳಿ," ಎಂದಳು. ಕಾಕಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಅದರ ತುದಿ ಪಕ್ಕದ ಮನೆಯ ಹನುಮಂತಪ್ಪನ ಕೈಯಲ್ಲಿತ್ತು.

"ಕಾಕಾ, ಕಂದೀಲು ತಳದತನಾ ಬಿಡ್ರಿ! ಆ ಗಾಳಿ ಕೆಳಗ ಕುಂತಿರತೈತಿ," ಎಂದಳು ನೀಲಾ.

"ಹೂಜಿ ಮನಿಗೂ ಬಂತೇನ ನಿನ್ನ ಹಿಂದ?" ಎನ್ನುತ್ತ ಕಾಕಾ ಇಳಿದೇಬಿಟ್ಟ. ಅವನ ತಲೆಯೊಂದೇ ಮೇಲೆ ಕಾಣುತ್ತಿತ್ತು, ಕೈಗಳು ಬಾಯಂಚಿನ ಕಲ್ಲನ್ನು ಹಿಡಿದಿದ್ದವು. ನೀಲಾ ನೆಲಕ್ಕೆ ಬೋರಲು ಬಿದ್ದು ಕಂದೀಲಿನ ಹಗ್ಗ ಸಡಿಲಿಸಿದಳು. ದೀಪ ಅವನ ಎದೆ ದಾಟಿತು, ಸೊಂಟ ದಾಟುವಾಗ ಸಣ್ಣದಾಗಿ, ಪಟ್ಟನೆ ಆರಿತು.

"ಎಲ್ಲೈತಿ, ನೋಡೂಣು," ಎಂದು ಕಾಕಾ ತಲೆ ಬಗ್ಗಿಸಿದ. ಅಷ್ಟೇ. ಆ ಬೆರಳುಗಳು ಕಲ್ಲಿನಿಂದ ಒಂದೊಂದಾಗಿ ಜಾರಿದ್ದನ್ನು ನಾನು ಇಂದಿಗೂ ನೋಡುತ್ತಿದ್ದೇನೆ. ಕಾಲೇಜಿನಲ್ಲಿ ಆ ಗಾಳಿಯ ಹೆಸರು ಕಲಿತೆ, ಸೂತ್ರ ಬರೆದು ಪಾಸಾದೆ. ಬೆರಳುಗಳು ಮಾತ್ರ ಇನ್ನೂ ಜಾರುತ್ತಲೇ ಇವೆ. ನೀಲಾ ಅವನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು, "ಜಗ್ರಿ!" ಎಂದು ಚೀರಿದಳು. ಹನುಮಂತಪ್ಪ ಜಗ್ಗಿದ, ಆಯಿ ಜಗ್ಗಿದಳು, ನಾನೂ ಹಗ್ಗಕ್ಕೆ ಜೋತುಬಿದ್ದೆ.

ಅಂಗಳದಲ್ಲಿ ಅಂಗಾತ ಬಿದ್ದ ಕಾಕಾನ ತುಟಿ ನೀಲಿಗಟ್ಟಿತ್ತು. ಆಮೇಲೆ ಎದೆ ಏರಿತು, ಕೆಮ್ಮು ಬಂತು, ಕಣ್ಣು ಬಿಟ್ಟ. "ನೀಲವ್ವಾ, ಹೂಜಿ ಖಾಲಿ ಇದ್ದಿದ್ದಿಲ್ಲ ಬಿಡು," ಎಂದ. ಆಯಿ ಅವನ ಕೆನ್ನೆಗೆ ಒಂದು ಬಿಗಿದು, ಅದೇ ಕೈಯಿಂದ ತಲೆಯನ್ನು ಎದೆಗೆ ಒತ್ತಿಕೊಂಡಳು. ಹನುಮಂತಪ್ಪ ಕಲ್ಲನ್ನು ಬಾಯಿಗೆ ಸರಿಸಿ ಮೇಲೆ ತನ್ನ ಮನೆಯ ತಾಡಪತ್ರಿ ಹೊದಿಸುವಷ್ಟರಲ್ಲಿ ಮಳೆ ಸುರಿಯತೊಡಗಿತು. ಮಳೆ ತಗ್ಗಿದಾಗ, ಯಾರೆಷ್ಟು ಬೇಡವೆಂದರೂ ಕೇಳದೆ, ಕಾಕಾ ನೀಲಾಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಓಣಿ ಸುತ್ತಿದ. "ನೋಡ್ರಿ, ನಮ್ಮ ಮನಿ ಸೈಂಟಿಸ್ಟ್!" ಬಾಗಿಲು ಬಾಗಿಲಿಗೂ ಜನ ಬಂದು ನಿಂತರು. ಮೇಲೆ ಕೂತ ನೀಲಾ ಒದ್ದೆಯಾಗಿ, ಗಂಭೀರವಾಗಿ, ಮದುಮಗನ ಹಾಗೆ ಎಲ್ಲರಿಗೂ ಕೈಮುಗಿಯುತ್ತಿದ್ದಳು. ಜೋಳವೂ ಉಳಿಯಿತು. ಅಂದಿನಿಂದ ಆ ಓಣಿಯ ಯಾವ ಮನೆಯಲ್ಲೂ ಕಂದೀಲು ಜೋಳಕ್ಕೆ ತಾಗದೆ ಆಳು ಇಳಿಯಲಿಲ್ಲ.

ಈಗ ಆಯಿಯಿಲ್ಲ, ಹಗೇವಿಗೆ ಮಣ್ಣು ತುಂಬಿ ಫರಸಿ ಕಲ್ಲು ಹಾಸಿದ್ದಾರೆ. ಕಾಕಾ ಮದುವೆಯಾದ, ಮಕ್ಕಳನ್ನು ಕಂಡ, ಮೊಮ್ಮಕ್ಕಳ ಕೈಯಲ್ಲಿ ಬಿಳಿ ಮೀಸೆ ಎಳೆಸಿಕೊಂಡ, ಒಂದು ಮುಂಜಾನೆ ಹೊರಸಿನ ಮೇಲೆ ನಿದ್ದೆಯಲ್ಲೇ ಹೋದ. ಹೊಲದಲ್ಲಿ ಅವನನ್ನು ಮಣ್ಣಿಗಿಳಿಸುವಾಗ, ಸಿದ್ದಾಪುರದ ಗಂಡನ ಮನೆಯಿಂದ ಬಂದಿದ್ದ ನೀಲಾ ಕುಣಿಯ ಅಂಚಿನಲ್ಲೇ ನಿಂತಿದ್ದಳು. ಅತ್ತಳು, ಆದರೆ ಈ ಸಲ ತಡೆಯಲಿಲ್ಲ. ತುಂಬು ಬಾಳು ಬಾಳಿದವನು ಇಳಿಯುತ್ತಿದ್ದ.